ಸದಸ್ಯರ ಪಟ್ಟಿಗೊಂದು ಸರಳ ಕಡತ

ಎರಡು ವರ್ಷಕ್ಕೊಮ್ಮೆ ಸಮ್ಮೇಳನ ಬರುತ್ತದೆ. ಅದರೊಡನೆ ಹೊಸ ಸಮಿತಿ, ಹೊಸ ಗಣಕಯಂತ್ರ, ಹೊಸ ತಂತ್ರಾಂಶ. ಹಳೆಯ ಸದಸ್ಯರ ಪಟ್ಟಿ ಮಾತ್ರ ತೆರೆದುಕೊಳ್ಳುವುದಿಲ್ಲ. ಯಾರಾದರೊಬ್ಬರು ರಾತ್ರಿಯೆಲ್ಲ ಕುಳಿತು ಹೆಸರು, ಊರು, ವಂತಿಗೆಗಳನ್ನು ಮತ್ತೆ ತುಂಬಬೇಕು. ಕಾಶಿವಾದ ಮನೆಯಲ್ಲಿ ಈ ಜಾಗರಣೆಯನ್ನು ನಾನೂ ಮಾಡಿದ್ದೇನೆ.

ಪಟ್ಟಿಯನ್ನು ಸರಳ ಪಠ್ಯಕಡತದಲ್ಲಿಡಿ ಎಂಬುದು ನನ್ನ ಬಿನ್ನಹ. ಸದಸ್ಯರೊಬ್ಬರಿಗೆ ಒಂದು ಸಾಲು, ಅಷ್ಟೆ. ಯೂನಿಕ್ಸ್ ಗಣಕಗಳಲ್ಲಿ ಹೆಸರುಗಳನ್ನು ವಿಂಗಡಿಸಲು ‘ಸಾರ್ಟ್’, ಎರಡು ಪಟ್ಟಿಗಳನ್ನು ಬೆಸೆಯಲು ‘ಜಾಯಿನ್’, ವಂತಿಗೆ ಕೂಡಲು 1977ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ‘ಆಕ್’ ಇವೆ. ಈ ಆಜ್ಞೆಗಳನ್ನು ಸಾಲಾಗಿ ಒಂದು ಶೆಲ್ ಕಡತದಲ್ಲಿ ಬರೆದಿಟ್ಟರೆ ಮುಂದಿನ ಸಮಿತಿ ಅದನ್ನೇ ಓಡಿಸಬಹುದು. ಕೆಲಸ ಹೇಗೆ ನಡೆಯಿತೆಂಬುದಕ್ಕೆ ದಾಖಲೆಯೂ ಅದೇ. ಬಡವರ ಉಪಾಯವೆಂದು ನಗಬೇಡಿ. ಟೋಕಿಯೋದಲ್ಲಿ 2005ರಲ್ಲಿ ಆರಂಭವಾದ ಯುಎಸ್‌ಪಿ ಸಂಸ್ಥೆಯು ‘ಯೂನಿಕೇಜ್’ ಎಂಬ ಹೆಸರಿನಲ್ಲಿ, ಶೆಲ್ ಮತ್ತು ಪಠ್ಯಕಡತಗಳಿಂದಲೇ ವ್ಯಾಪಾರ ಸಂಸ್ಥೆಗಳ ಲೆಕ್ಕವ್ಯವಸ್ಥೆಗಳನ್ನು ಕಟ್ಟಿದೆ.

ಕನ್ನಡಕ್ಕೊಂದು ತೊಡಕುಂಟು. ಯೂನಿಕೋಡಿನಲ್ಲಿ ‘ಗೋ’ ಅಕ್ಷರವನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಸಂಕೇತಿಸಬಹುದು. ಕಣ್ಣಿಗೆ ಒಬ್ಬರೇ ಆದ ಗೋಪಾಲರಾಯರು ಗಣಕಕ್ಕೆ ಇಬ್ಬರು, ಆಮಂತ್ರಣವೂ ಎರಡು! ಮೊದಲು ಹೆಸರುಗಳನ್ನೆಲ್ಲ ಒಂದೇ ರೂಪಕ್ಕೆ ತರಬೇಕು, ಆಮೇಲೆ ವಿಂಗಡಣೆ. ಸರಳ ಕಡತವನ್ನು ಯಾರು ಬೇಕಾದರೂ ಓದಬಲ್ಲರಾದ್ದರಿಂದ ದೂರವಾಣಿ ಸಂಖ್ಯೆಗಳಿಗೆ ಗುಪ್ತಲಿಪಿಯ ಬೀಗ ಬೇಕು. ನೋಂದಣಿ ಮೇಜಿನಲ್ಲಿ ಏಕಕಾಲಕ್ಕೆ ಹತ್ತು ಜನ ತಿದ್ದುವುದಾದರೆ ದತ್ತಾಂಶಕೋಶವೇ ಲೇಸು, ಒಪ್ಪುತ್ತೇನೆ. ಆದರೆ ಸಮ್ಮೇಳನ ಮುಗಿದ ದಿನವೇ ಅದರ ಪ್ರತಿಯನ್ನು ಪಠ್ಯಕ್ಕಿಳಿಸಿ. ಈ ಸಲದ ಖಜಾಂಚಿಗಳು ಲೆಕ್ಕಪುಸ್ತಕದ ಜೊತೆಗೆ ಆ ಎರಡು ಕಡತಗಳನ್ನೂ ಮುಂದಿನವರ ಕೈಗೆ ಒಪ್ಪಿಸಲಿ.