ನರ್ಸ್ ಇಲ್ಲದ ನರ್ಸಿಂಗ್ ಹೋಮು

ಊರಲ್ಲಿ ಯಾರಿಗಾದರೂ ಸ್ವಲ್ಪ ಜೋರು ಕಾಯಿಲೆ ಅಂದರೆ, 'ಮುಂಬಯಿಗೆ ಕರ್ಕೊಂಡು ಹೋಗಿ, ಮಗ ಇದ್ದಾನಲ್ಲ' ಅನ್ನುವ ಸಲಹೆ ತಯಾರೇ ಇರುತ್ತದೆ. ಹಾಗೆ ಬಂದ ನನ್ನ ಅಪ್ಪ ವಡಾಲದ ಒಂದು ನರ್ಸಿಂಗ್ ಹೋಮಿನಲ್ಲಿ ನಾಲ್ಕು ರಾತ್ರಿ ಕಳೆದರು. (ಅಮೆರಿಕದಲ್ಲಿ ಮಕ್ಕಳಿರುವವರು ವೃದ್ಧಾಶ್ರಮ ಅಂದುಕೊಳ್ಳಬೇಡಿ. ಇಲ್ಲಿ ನರ್ಸಿಂಗ್ ಹೋಮ್ ಅಂದರೆ ಹತ್ತು ಹದಿನೈದು ಮಂಚದ ಖಾಸಗಿ ಆಸ್ಪತ್ರೆ.) ಅದನ್ನು ಆರಿಸಿದ್ದು ಹೇಗೆ? ರಾಮಮಂದಿರದ ಹತ್ತಿರ ಸಿಕ್ಕ ಊರಿನವರೊಬ್ಬರು 'ಡಾಕ್ಟರು ಒಳ್ಳೆಯವರು ಮಾರಾಯ್ರೆ' ಅಂದರು. ಪರವೂರಿನಲ್ಲಿರುವವನಿಗೆ ಬೇರೆ ದಾರಿ ಏನಿದೆ?

ಡಾಕ್ಟರು ಒಳ್ಳೆಯವರೇ. ಆದರೆ ರಾತ್ರಿ ಅವರು ಮನೆಯಲ್ಲಿರುತ್ತಾರೆ. ಮೂರನೆಯ ರಾತ್ರಿ ಡ್ರಿಪ್ ನಿಂತು ಅಪ್ಪನ ಕೈ ಊದಿಕೊಂಡಿತು. ಬಿಳಿ ಬಟ್ಟೆಯ ಹುಡುಗಿಯನ್ನು 'ಸಿಸ್ಟರ್' ಅಂತ ಕರೆದೆ. "ನಾನು ಸಿಸ್ಟರ್ ಅಲ್ಲ ಅಂಕಲ್, ಕೆಲಸ ಕಲೀತಾ ಇದ್ದೇನೆ" ಅಂದಳು. ಇಡೀ ಮಹಡಿಗೆ ಅವಳೊಬ್ಬಳೇ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳನ್ನು ಅಲ್ಲಿ ನಿಲ್ಲಿಸಿದವರ ಮೇಲೆ ಅರ್ಧ ಸಿಟ್ಟು; ಉಳಿದರ್ಧ, ಅವರನ್ನು ನೋಡಿಕೊಳ್ಳಬೇಕಾದವರ ಮೇಲೆ.

ಕಾನೂನು ಇಲ್ಲ ಅಂತಲ್ಲ. ಬಾಂಬೆ ನರ್ಸಿಂಗ್ ಹೋಮ್ಸ್ ರಿಜಿಸ್ಟ್ರೇಶನ್ ಆಕ್ಟ್ ಬಂದದ್ದು 1949ರಲ್ಲಿ. ತರಬೇತಾದ ನರ್ಸುಗಳ ಪ್ರಮಾಣ ಸರಿಯಿಲ್ಲದಿದ್ದರೆ ನೋಂದಣಿ ನಿರಾಕರಿಸಬಹುದು ಅಂತ ಅದರಲ್ಲೇ ಇದೆ. ಮುಂಬಯಿಯಲ್ಲಿ ಆ ಅಧಿಕಾರ ಮಹಾನಗರಪಾಲಿಕೆಯದು. ಆದರೆ ಮೂಲ ಕಾನೂನಿನ ಚಂದ ನೋಡಿ: ನೋಂದಣಿಯಿಲ್ಲದೆ ನಡೆಸಿದರೆ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 500 ರೂಪಾಯಿ! ಅದನ್ನು ಏರಿಸಲು 2005ರ ತಿದ್ದುಪಡಿಯೇ ಬರಬೇಕಾಯಿತು. ಇನ್ನೊಂದು ಇದೆ. ತಪಾಸಣೆಗೆ ಬಂದ ಅಧಿಕಾರಿ ರಿಜಿಸ್ಟರು ನೋಡಬಹುದು, ರೋಗಿಯ ಚಿಕಿತ್ಸೆಯ ದಾಖಲೆ ನೋಡುವ ಹಾಗಿಲ್ಲ ಅಂತ ಆ ಕಾನೂನು ಬರೆದಿಟ್ಟಿತ್ತು. ಮಂಚ ಎಣಿಸಬಹುದು, ಮಂಚದ ಮೇಲಿದ್ದವನಿಗೆ ಏನಾಯಿತು ಅಂತ ಕೇಳಬಾರದು.

2021ರ ಜನವರಿಯ ನಿಯಮಗಳು ದರಪಟ್ಟಿಯನ್ನೂ ರೋಗಿಯ ಹಕ್ಕುಗಳನ್ನೂ ಎಲ್ಲರಿಗೂ ಕಾಣುವಂತೆ ಹಾಕಿ ಅಂದವು. ಬಿಲ್ಲು ಬಾಕಿಯೆಂದು ಹೆಣ ಹಿಡಿದಿಟ್ಟುಕೊಳ್ಳಬಾರದು ಅಂದವು. ಒಳ್ಳೆಯದೇ. ಆದರೆ ತಪಾಸಣೆಗೆ ಬಂದವರು ಕಂಡದ್ದೇನು? ಅದು ಗೋಡೆಗೆ ಯಾಕೆ ಬರುವುದಿಲ್ಲ? ಇಂಗ್ಲೆಂಡಿನಲ್ಲಿ 2015ರಿಂದ ತಪಾಸಕರು ಕೊಟ್ಟ ದರ್ಜೆಯನ್ನು ಆಸ್ಪತ್ರೆ ತಾನೇ ಜನರ ಕಣ್ಣಿಗೆ ಬೀಳುವಂತೆ ತೂಗುಹಾಕಬೇಕು. ಇಲ್ಲಿ ವಾರ್ಡ್ ಆಫೀಸಿಗೂ ಮಾಲೀಕನಿಗೂ ನಡುವೆ ಏನು ನಡೆಯಿತೋ ದೇವರಿಗೇ ಗೊತ್ತು.

ಹೀಗೆಲ್ಲ ಬಿಗಿ ಮಾಡಿದರೆ ಸಣ್ಣ ನರ್ಸಿಂಗ್ ಹೋಮುಗಳು ಮುಚ್ಚುತ್ತವೆ ಅನ್ನುತ್ತಾರೆ. ಮುಂಬಯಿಯ ಬಾಡಿಗೆ ನನಗೂ ಗೊತ್ತು, ಮಾತಿನಲ್ಲಿ ಸುಳ್ಳಿಲ್ಲ. ಆದರೆ ನಾನೇನು ಅಮೃತಶಿಲೆ ಹಾಸಿ ಅಂತ ಕೇಳುತ್ತಿಲ್ಲವಲ್ಲ. ಊರಿನವರೂ ಬೀಗಬೇಕಾಗಿಲ್ಲ. ಕರ್ನಾಟಕದ 2007ರ ಕಾನೂನನ್ನು ಬಿಗಿ ಮಾಡಹೊರಟಾಗ, 2017ರ ನವೆಂಬರಿನಲ್ಲಿ ಖಾಸಗಿ ಡಾಕ್ಟರುಗಳು ಬಾಗಿಲು ಹಾಕಿ ಕೂತರು, ಸರ್ಕಾರ ಮೆತ್ತಗಾಯಿತು.

ನಾನು ಕೇಳುವುದು ಬಾಗಿಲಲ್ಲಿ ಒಂದೇ ಒಂದು ಸಾಲು: 'ಇಂದು ರಾತ್ರಿ ತರಬೇತಾದ ನರ್ಸುಗಳು ಇಷ್ಟು.' ಸೊನ್ನೆಯಾದರೆ ಸೊನ್ನೆ ಅಂತಲೇ ಬರೆಯಲಿ. ಓದಿದ್ದರೆ ಅಪ್ಪನನ್ನು ಟ್ಯಾಕ್ಸಿಯಿಂದ ಇಳಿಸದೆ ಮುಂದೆ ಹೋಗುತ್ತಿದ್ದೆ.