ಹುಟ್ಟುಗುಣ ಸುಟ್ಟರೂ ಹೋಗಲ್ಲ, ಜೀವಕೋಶದ್ದೂ ಅಷ್ಟೇ

ಮನೇಲಿ ಮಗು ಬರುತ್ತೆ ಅಂತ ಗೊತ್ತಾದ್ರೆ ಸಾಕು, ನೆಂಟರಿಗಿಂತ ಮೊದಲು ಫೋನ್ ಮಾಡೋದು ಹೊಕ್ಕುಳಬಳ್ಳಿ ರಕ್ತ ಶೇಖರಿಸೋ ಕಂಪನಿಯವರು. "ಸರ್, ಇದು ಮಗುವಿಗೆ ಬಯಾಲಜಿಕಲ್ ಇನ್ಶೂರೆನ್ಸ್. ಸ್ಟೆಮ್ ಸೆಲ್ ಅಂದ್ರೆ ಖಾಲಿ ಹಾಳೆ, ನಾಳೆ ಹೃದಯಾನೂ ಆಗುತ್ತೆ, ಮೆದುಳೂ ಆಗುತ್ತೆ." ಇಎಂಐ ಬೇರೆ ಇದೆಯಂತೆ!

ಈ 'ಖಾಲಿ ಹಾಳೆ' ಅನ್ನೋದೇ ಸುಳ್ಳು.

ನಮ್ಮ ಚರ್ಮದ ಕೋಶಕ್ಕೂ ಲಿವರ್ ಕೋಶಕ್ಕೂ ಡಿಎನ್‌ಎ ಒಂದೇ. ಯಾವ ಜೀನ್ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಅನ್ನೋದಕ್ಕೆ ಅದರ ಮೇಲೆ ರಾಸಾಯನಿಕ ಗುರುತುಗಳು ಕೂತಿರುತ್ತವೆ. ಕೋಶ ಒಡೆದು ಎರಡಾದಾಗ ಆ ಗುರುತುಗಳೂ ನಕಲಾಗುತ್ತವೆ. ಕೋಶದ ನೆನಪು ಅಂದ್ರೆ ಇದೇ.

2006ರಲ್ಲಿ ಕ್ಯೋಟೋದ ಶಿನ್ಯಾ ಯಮನಾಕ ತಂಡ ಇಲಿಯ ಬಾಲದ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ, ಅದನ್ನ ಭ್ರೂಣದ ಸ್ಟೆಮ್ ಸೆಲ್‌ನಂತೆ ಮಾಡಿತು. ನಮ್ಮ ಭಾಷೇಲಿ ಹೇಳೋದಾದ್ರೆ ಫ್ಯಾಕ್ಟರಿ ರೀಸೆಟ್. ಆದರೆ 2010ರಲ್ಲಿ ಬಾಸ್ಟನ್ನಿನ ಜಾರ್ಜ್ ಡೇಲಿ ತಂಡ ನೋಡಿದಾಗ, ರಕ್ತದಿಂದ ತೆಗೆದು ಹೀಗೆ ರೀಸೆಟ್ ಮಾಡಿದ ಇಲಿಯ ಕೋಶಗಳು ಮತ್ತೆ ರಕ್ತವಾಗೋಕೇ ಹೆಚ್ಚು ಒಲವು ತೋರಿದವು. ಆ ನೆನಪನ್ನ ಅಳಿಸಬಹುದು, ಆದರೆ ಲ್ಯಾಬಲ್ಲಿ ಮತ್ತೆ ಮತ್ತೆ ಬೆಳೆಸಿ ಅಥವಾ ರಾಸಾಯನಿಕ ಹಾಕಿ ಒದ್ದಾಡಬೇಕು.

ರೀಸೆಟ್ ಆದ ಕೋಶಕ್ಕೇ ಇಷ್ಟು ಹಠ ಇದ್ದರೆ, ರೀಸೆಟ್ಟೇ ಆಗದ ಹೊಕ್ಕುಳಬಳ್ಳಿ ರಕ್ತದ ಕೋಶ ಮೆದುಳು ಕಟ್ಟುತ್ತಾ? ಅದಕ್ಕೆ ಗೊತ್ತಿರೋದು ರಕ್ತ ಮಾಡೋ ಕೆಲಸ. ಆ ಕೆಲಸದಲ್ಲಿ ಅದು ಗಟ್ಟಿಗನೇ. 1988ರಲ್ಲಿ ಪ್ಯಾರಿಸ್‌ನಲ್ಲಿ ಫ್ಯಾಂಕೋನಿ ಅನೀಮಿಯಾ ಇದ್ದ ಹುಡುಗನಿಗೆ ಮೊದಲ ಬಾರಿ ಹೊಕ್ಕುಳಬಳ್ಳಿ ರಕ್ತ ಕಸಿ ಮಾಡಿದರು. ಆದರೆ ಅದು ಅವನದಲ್ಲ, ಆಗಷ್ಟೇ ಹುಟ್ಟಿದ ತಂಗಿಯದು! ಹುಟ್ಟಿನಿಂದಲೇ ಬಂದ ಜೀನ್ ದೋಷ ಅವನದೇ ರಕ್ತದಲ್ಲೂ ಇರುತ್ತಲ್ಲ. ಹಾಗಾದ್ರೆ "ನಿಮ್ಮ ಮಗುವಿನದು ನಿಮ್ಮ ಮಗುವಿಗೇ" ಅನ್ನೋ ಇನ್ಶೂರೆನ್ಸ್ ಎಲ್ಲಿ ಉಳೀತು?

ಇದನ್ನ ನಾನೊಬ್ಬನೇ ಹೇಳ್ತಿಲ್ಲ. ಮುಂದೆ ಸ್ವಂತಕ್ಕೆ ಬೇಕಾದೀತು ಅಂತ ಕೂಡಿಡೋದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಐಸಿಎಂಆರ್ ಕೂಡ ಹೇಳಿದೆ. ಅದರ 2017ರ ಮಾರ್ಗಸೂಚಿ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡೋ ಕಸಿ ಬಿಟ್ಟರೆ ಸ್ಟೆಮ್ ಸೆಲ್ ಬಳಸಬೇಕಾದ್ದು ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ. ಆಟಿಸಂಗೆ ಇಂಜೆಕ್ಷನ್ ಕೊಡ್ತೀವಿ ಅಂತ ಲಕ್ಷಗಟ್ಟಲೆ ಕೇಳೋರು ಮಾರ್ತಿರೋದು ಔಷಧಿ ಅಲ್ಲ, ಅಪ್ಪ ಅಮ್ಮನ ಭಯ.

ಮನೇಲಿ ಈಗಾಗಲೇ ಥಲಸ್ಸೀಮಿಯಾ ಇರೋ ಮಗು ಇದ್ದರೆ ಮಾತು ಬೇರೆ, ಡಾಕ್ಟರ್ ಹತ್ರ ಕೇಳಿ. ಉಳಿದವರು ಮುಂದಿನ ಸಲ ಫೋನ್ ಬಂದಾಗ ಇಷ್ಟು ಕೇಳಿ: "ಈ ಕೋಶದ ನೆನಪನ್ನ ಅಳಿಸೋರು ಯಾರು, ಹೇಗೆ ಅಳಿಸ್ತಾರೆ?" ಉತ್ತರ ಬರೋ ತನಕ ಕಾರ್ಡ್ ನಂಬರ್ ಹೇಳಬೇಡಿ.