ಕಾಳಿಂಗರಾಯರನ್ನು ಲ್ಯಾಪ್‌ಟಾಪಿಗೆ ಇಳಿಸುವ ಮುನ್ನ



ಹಬ್ಬಕ್ಕೆ ಮನೆ ಚೊಕ್ಕ ಮಾಡುವಾಗ ಲಾಫ್ಟ್‌ನಲ್ಲಿ ನಿಮಗೂ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿರಬಹುದು. ಸೀರೆಗಳ ನಡುವೆ ಸುತ್ತಿ ಊರಿನಿಂದ ತಂದ ಎಚ್.ಎಂ.ವಿ. ಪ್ಲೇಟುಗಳು! ಅವು ತಯಾರಾದದ್ದು ಕಲ್ಕತ್ತೆಯ ಡಂಡಂನಲ್ಲಿ. ಆದರೆ ಆ ಗ್ರಾಮಫೋನ್ ಕಂಪನಿಯ ದೊಡ್ಡ ಕಾರ್ಖಾನೆ ಇದ್ದದ್ದು ನಮ್ಮ ಹೀಥ್ರೂ ಪಕ್ಕದ ಹೇಯ್ಸ್‌ನಲ್ಲಿ. 1907ರಲ್ಲಿ ಅದರ ಶಂಕುಸ್ಥಾಪನೆ ಮಾಡಿದವರು ಗಾಯಕಿ ನೆಲ್ಲೀ ಮೆಲ್ಬಾ. ಒಂದು ಲೆಕ್ಕದಲ್ಲಿ ನಮ್ಮ ಪ್ಲೇಟುಗಳು ತವರಿಗೇ ಬಂದಿವೆ.

"ಇವನ್ನು ಲ್ಯಾಪ್‌ಟಾಪಿಗೆ ಹಾಕಲು ಏನು ಕೊಳ್ಳಬೇಕು?" ಎಂದು ಸ್ನೇಹಿತರು ಕೇಳುತ್ತಿರುತ್ತಾರೆ. ಮೊದಲು ನನ್ನ ಪೆದ್ದುತನ ಕೇಳಿ.

ಅಪ್ಪ ಕೊಟ್ಟ ಕಾಳಿಂಗರಾಯರ ಭಾವಗೀತೆಗಳ ಪ್ಲೇಟೊಂದಿತ್ತು. ಆಂಪ್ಲಿಫೈಯರಿನಿಂದ ವೈರು ಎಳೆದು ಲ್ಯಾಪ್‌ಟಾಪಿನ ಮೈಕ್ ತೂತಿಗೆ ಸಿಕ್ಕಿಸಿ ರೆಕಾರ್ಡ್ ಮಾಡಿದೆ. ಮೊದಲ ಅರ್ಧ ನಿಮಿಷ ಕೇಳಿ ಬೀಗಿದೆ. ಮನೆಯಲ್ಲಿ ಜಾಗವಿಲ್ಲವೆಂದು ಪ್ಲೇಟನ್ನು ಚಾರಿಟಿ ಅಂಗಡಿಗೆ ಕೊಟ್ಟುಬಿಟ್ಟೆ. ತಿಂಗಳ ನಂತರ ಪೂರ್ತಿ ಕೇಳಿದರೆ, ರಾಯರು ದನಿಯೇರಿಸಿದಲ್ಲೆಲ್ಲ ಗೊರಗೊರ! ಮೈಕ್ ತೂತು ತಾಳುವುದಕ್ಕಿಂತ ಎಷ್ಟೋ ಪಟ್ಟು ಜೋರಾದ ಸಿಗ್ನಲ್ ಅದಕ್ಕೆ ಹೋಗಿತ್ತು. ಹಾಗೆ ಒಡೆದ ಸ್ವರವನ್ನು ಯಾವ ಸಾಫ್ಟ್‌ವೇರೂ ಮೊದಲಿನಂತೆ ಮಾಡಲಾರದು. ಅಂಗಡಿಗೆ ಓಡಿದೆ. ಪ್ಲೇಟು ಮಾರಾಟವಾಗಿತ್ತು.

ಈಗ ಸರಿಯಾದ ದಾರಿ. ಮುಳ್ಳಿನಿಂದ ಬರುವ ಸಿಗ್ನಲ್ ಸಾಮಾನ್ಯವಾಗಿ 5 ಮಿಲಿವೋಲ್ಟ್ ಆಸುಪಾಸು ಮಾತ್ರ. ಅಲ್ಲದೆ ಪ್ಲೇಟು ಕೊರೆಯುವಾಗಲೇ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ಇವೆರಡನ್ನೂ ಸರಿಪಡಿಸುವುದು ಫೋನೋ ಪ್ರಿಆಂಪ್. ಹಳೆಯ ಆಂಪ್ಲಿಫೈಯರಿನಲ್ಲಿ 'ಫೋನೋ' ಎಂದು ಬರೆದ ಜಾಗವಿದ್ದರೆ ಅದರೊಳಗೇ ಪ್ರಿಆಂಪ್ ಇರುತ್ತದೆ. 'ಟೇಪ್ ಔಟ್'ನಿಂದ ವೈರು ತೆಗೆಯಿರಿ. ಕೆಲವು ಟರ್ನ್‌ಟೇಬಲ್‌ಗಳಲ್ಲೂ ಇರುತ್ತದೆ. ಎಲ್ಲಿಯೂ ಇಲ್ಲದಿದ್ದರೆ ಮಾತ್ರ ಬೇರೆ ಕೊಳ್ಳಿ.

ಅಲ್ಲಿಂದ ಮುಂದೆ ಆಡಿಯೋ ಇಂಟರ್‌ಫೇಸ್. ದನಿಯನ್ನು ಅಂಕಿಗಳಾಗಿಸಿ ಯು.ಎಸ್.ಬಿ. ಮೂಲಕ ಲ್ಯಾಪ್‌ಟಾಪಿಗೆ ಕೊಡುವ ಡಬ್ಬಿ ಇದು. ನೋಡಬೇಕಾದದ್ದು ಮೂರೇ: ಎಡಕ್ಕೊಂದು ಬಲಕ್ಕೊಂದು ಲೈನ್ ಇನ್‌ಪುಟ್, ಮಟ್ಟ ತಗ್ಗಿಸುವ ತಿರುಪು, 24 ಬಿಟ್ ರೆಕಾರ್ಡಿಂಗ್. ಎಂಟು ಮೈಕುಗಳ ದುಬಾರಿ ಪೆಟ್ಟಿಗೆ ನಮಗೆ ಬೇಡ.

ಮೊದಲು ಹಾಡಿನ ಅತಿ ಜೋರಾದ ಭಾಗ ನುಡಿಸಿ, ಮೀಟರು ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಇಡಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ವೇವ್ ಫೈಲಾಗಿ ಉಳಿಸಿ. ಎಂಪಿ3 ಆಮೇಲೆ ಮಾಡಿಕೊಳ್ಳಬಹುದು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ 40 ನಿಮಿಷದ ಎಲ್.ಪಿ.ಗೆ ಸುಮಾರು 700 ಎಂ.ಬಿ. ಬೇಕು. 78ರ ಪ್ಲೇಟಿಗೆ ದಪ್ಪ ಮುಳ್ಳು ಬೇರೆಯೇ ಹಾಕಬೇಕು, ಮರೆಯಬೇಡಿ.

ಕೊನೆಯ ಮಾತು. ಎರಡೂ ಬದಿಗಳನ್ನು ಹೆಡ್‌ಫೋನ್ ಹಾಕಿ ಪೂರ್ತಿ ಕೇಳುವವರೆಗೆ ಪ್ಲೇಟು ಹೊಸ್ತಿಲು ದಾಟದಿರಲಿ. ಮುಂದಿನ ಬೇಸಿಗೆಗೆ ಅಪ್ಪ ಲಂಡನ್ನಿಗೆ ಬರುತ್ತಿದ್ದಾರೆ. ಬಂದವರು ಮೊದಲು ಕೇಳುವುದು ಆ ಪ್ಲೇಟನ್ನೇ.